ಗಾಲಿ ಮನೆಯ ತೊಟ್ಟಿ ಎಲ್ಲಿ ಖಾಲಿ?

ಬೆಂಗಳೂರಿನ ಒಂದು ಕುಟುಂಬ. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ದಸರಾ ರಜೆಗೆ ಮೋಟಾರ್‌ಹೋಮ್ ಒಂದನ್ನು ಬಾಡಿಗೆಗೆ ಹಿಡಿದು ತುಮಕೂರು ಜಿಲ್ಲೆಯ ಉತ್ತರ ಭಾಗ ನೋಡಲು ಹೊರಟಿತು ಎಂದಿಟ್ಟುಕೊಳ್ಳಿ. ಮೊದಲ ದಿನ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ, ಸಿದ್ದರಬೆಟ್ಟ. ಮರುದಿನ ಮಧುಗಿರಿಯ ಏಕಶಿಲಾ ಬೆಟ್ಟ. ಅಲ್ಲಿಂದ ಪಾವಗಡದ ಶನಿಮಹಾತ್ಮ ದೇವಸ್ಥಾನ. ಕೊನೆಗೆ ಶಿರಾದ ಕೋಟೆ, ಮಲಿಕ್ ರಿಹಾನನ ಗೋರಿ. ಮಲಗಲು ಮಂಚ, ಕಾಫಿಗೆ ಒಲೆ, ಮೂಲೆಯಲ್ಲಿ ಬೀರುವಿನಷ್ಟೇ ಅಗಲದ ಶೌಚಾಲಯ. ಎಲ್ಲವೂ ಗಾಲಿಯ ಮೇಲೆ. ಮಕ್ಕಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಎರಡನೇ ದಿನ ಬೆಳಗಾಗುತ್ತಲೇ ಶೌಚಾಲಯದ ಪಕ್ಕದಲ್ಲಿ ಕೆಂಪು ದೀಪ ಹತ್ತಿಕೊಂಡಿತು. ತೊಟ್ಟಿ ತುಂಬಿದೆ! ಅಪ್ಪ ಚಾಲಕನ ಮುಖ ನೋಡಿದರು. ಚಾಲಕ ರಸ್ತೆ ನೋಡಿದ. ರಸ್ತೆ ಏನನ್ನೂ ಹೇಳಲಿಲ್ಲ.

ಅಮೆರಿಕ, ಯೂರೋಪುಗಳಲ್ಲಿ ಇಂಥ ವಾಹನಗಳಲ್ಲಿ ತಿಂಗಳುಗಟ್ಟಲೆ ಬಾಳುವವರಿದ್ದಾರೆ. ಕೇರಳ ಸರ್ಕಾರ 2021ರಲ್ಲಿ ಇವುಗಳಿಗೆಂದೇ ಪ್ರವಾಸ ಯೋಜನೆಯೊಂದನ್ನು ಆರಂಭಿಸಿತು. ಕರ್ನಾಟಕದಲ್ಲೂ ಕೆಲವು ವರ್ಷಗಳಿಂದ ಇವು ಬಾಡಿಗೆಗೆ ಸಿಗುತ್ತಿವೆ. ಚಿತ್ರಗಳಲ್ಲಿ ಕಾಣುವುದು ಹಾಸಿಗೆ, ಕಿಟಕಿ, ಕಿಟಕಿಯಾಚೆಯ ಬೆಟ್ಟ. ಕಾಣದಿರುವುದು ನೆಲದಡಿಯ ಮೂರು ತೊಟ್ಟಿಗಳು.

ಮೊದಲನೆಯದು ಶುದ್ಧ ನೀರಿನದು. ಎರಡನೆಯದು ಬೂದು ತೊಟ್ಟಿ. ಪಾತ್ರೆ ತೊಳೆದ, ಮೈ ತೊಳೆದ ಬಚ್ಚಲು ನೀರು ಇದಕ್ಕೆ. ಮೂರನೆಯದು ಕಪ್ಪು ತೊಟ್ಟಿ, ಮಲಮೂತ್ರ ಇದಕ್ಕೆ. ಚಿಕ್ಕ ವಾಹನಗಳಲ್ಲಿ ಕಪ್ಪು ತೊಟ್ಟಿಯ ಬದಲು ಹೊರಗೆಳೆಯಬಹುದಾದ ಡಬ್ಬಿ ಇರುತ್ತದೆ. ಅದರಲ್ಲಿ ಸುಮಾರು 20 ಲೀಟರು ಹಿಡಿಯುತ್ತದೆ. ಇದು ನಾಲ್ವರಿಗೆ ಎಷ್ಟು ದಿನ ಬಂದೀತು? ಐದನೇ ತರಗತಿಯ ಗಣಿತ ಸಾಕು. ಒಬ್ಬರ ದಿನದ ಮಲಮೂತ್ರ ಹೆಚ್ಚುಕಡಿಮೆ ಒಂದೂವರೆ ಲೀಟರು, ನಾಲ್ವರಿಗೆ 6. ಒಬ್ಬೊಬ್ಬರು ಐದು ಸಲ ಹೋದರೆ 20 ಸಲ. ಪ್ರತಿ ಸಲ ಅರ್ಧ ಲೀಟರು ನೀರು ಬಿಟ್ಟರೆ 10. ತೊಳೆದುಕೊಳ್ಳಲು ತಲೆಗೊಂದು ಲೀಟರು, ಅದು 4. ಒಟ್ಟು 20 ಲೀಟರು. ಡಬ್ಬಿ ಒಂದೇ ದಿನಕ್ಕೆ ಭರ್ತಿ! ಕಾಗದ ಬಳಸುವ ನಾಡಿನವರು ಹಾಕಿದ ಲೆಕ್ಕ ನೀರು ಬಳಸುವ ನಮ್ಮಲ್ಲಿ ನಡೆಯುವುದಿಲ್ಲ.

ತೊಟ್ಟಿಯನ್ನು ನಿಭಾಯಿಸುವುದಕ್ಕೂ ಶಿಸ್ತುಗಳಿವೆ. ಕಪ್ಪು ತೊಟ್ಟಿಯ ಕೆಳಬಾಗಿಲನ್ನು ಸದಾ ತೆರೆದಿಡಬಾರದು. ತೆರೆದಿಟ್ಟರೆ ನೀರಿನಂಶ ಹರಿದುಹೋಗಿ ಗಟ್ಟಿ ಪದಾರ್ಥ ಗುಡ್ಡೆಯಾಗಿ ಕೂರುತ್ತದೆ. ಆಮೇಲೆ ಜಪ್ಪಯ್ಯ ಎಂದರೂ ಕದಲದು. ಮೂರನೇ ಎರಡು ಪಾಲು ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ಮೊದಲು ಕಪ್ಪು ತೊಟ್ಟಿ, ಆಮೇಲೆ ಬೂದು ತೊಟ್ಟಿ. ಬಚ್ಚಲು ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ವಾಸನೆ ತಡೆಯಲು ರಾಸಾಯನಿಕ ಹಾಕುವವರಿದ್ದಾರೆ. ಅದರಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಅದು ವಾಸನೆಯ ಜೊತೆಗೆ ಮಲವನ್ನು ಕೊಳೆಯಿಸುವ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಆ ಕೊಳೆಯನ್ನು ಯಾರದೋ ಮನೆಯ ಸೆಪ್ಟಿಕ್ ಟ್ಯಾಂಕಿಗೆ ಸುರಿದರೆ ಆ ಟ್ಯಾಂಕೂ ಕೆಲಸ ನಿಲ್ಲಿಸುತ್ತದೆ.

ಇಷ್ಟೆಲ್ಲ ಕಲಿತರೂ ಮೂಲ ಪ್ರಶ್ನೆ ಉಳಿದೇ ಇದೆ. ಸುರಿಯುವುದೆಲ್ಲಿ? ಪಾಶ್ಚಾತ್ಯ ದೇಶಗಳಲ್ಲಿ ಪೆಟ್ರೋಲ್ ಬಂಕಿನಂತೆಯೇ ತೊಟ್ಟಿ ಖಾಲಿ ಮಾಡುವ ತಾಣಗಳಿವೆ. ಇಲ್ಲಿ ಚಾಲಕನ ಕಣ್ಣು ಮೊದಲು ಹೋಗುವುದು ರಸ್ತೆ ಬದಿಯ ಹಳ್ಳಕ್ಕೆ. ಕೊರಟಗೆರೆ ಸೀಮೆಯ ಹಳ್ಳದ ನೀರು ಅಲ್ಲಿಯೇ ನಿಲ್ಲುವುದಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಕೊರಟಗೆರೆ ತಾಲ್ಲೂಕನ್ನು ದಾಟಿ, ಮಧುಗಿರಿ ತಾಲ್ಲೂಕಿಗೆ ಬಂದು, ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಮೇಲಿನೂರಿನವರು ಚೆಲ್ಲಿದ್ದು ಕೆಳಗಿನೂರಿನವರ ಕೊಡಕ್ಕೆ. ಮಳೆ ಅಪರೂಪವಾದ ಈ ಸೀಮೆಯಲ್ಲಿ ಒಂದು ಕೆರೆ ಕೆಟ್ಟರೆ ಬದಲಿ ಕೆರೆ ಇರುವುದಿಲ್ಲ.

ಹಾಗಾದರೆ ತಪ್ಪೆಲ್ಲ ಪ್ರವಾಸಿಗರದೇ? ಅಲ್ಲ. ಗಾಲಿಯ ಮೇಲಿನ ಮನೆಗೆ ಒಂದು ದೊಡ್ಡ ಗುಣವಿದೆ: ತೊಟ್ಟಿ ತುಂಬಿದ ದಿನವೇ ಅದು ಕೆಂಪು ದೀಪ ಹತ್ತಿಸಿ ಯಜಮಾನನನ್ನು ಕೇಳುತ್ತದೆ. ನೆಲದ ಮೇಲಿನ ಮನೆ ಕೇಳುವುದಿಲ್ಲ. ಹಳ್ಳಿಗಳಲ್ಲಿ ಒಳಚರಂಡಿ ಎಂಬುದಿಲ್ಲ; ಪಟ್ಟಣಗಳ ಹೊಸ ಬಡಾವಣೆಗಳಲ್ಲೂ ಎಷ್ಟೋ ಕಡೆ ಇಲ್ಲ. ಪ್ರತಿ ಮನೆಯ ಅಂಗಳದಡಿಯಲ್ಲೂ ಒಂದು ಕಪ್ಪು ತೊಟ್ಟಿ ಇದ್ದೇ ಇದೆ. ಅದರ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಗಾರೆ, ಗಾರೆಯ ಮೇಲೆ ರಂಗೋಲಿ. ಒಳಗೇನಿದೆ ಎಂಬುದು ಮರೆತೇ ಹೋಗಿದೆ.

ಇಂಥದೇ ಮರೆವು ರೈಲಿಗೂ ಇತ್ತು. ದಶಕಗಳ ಕಾಲ ರೈಲಿನ ಶೌಚಾಲಯದ ತಳಕ್ಕೆ ಒಂದು ತೂತು ಇತ್ತೇ ಹೊರತು ತೊಟ್ಟಿ ಇರಲಿಲ್ಲ. ಬಿದ್ದದ್ದು ಹಳಿಯ ಮೇಲೆ. ಹಳಿಗೂ ತುಕ್ಕು, ಹಳಿ ನೋಡಿಕೊಳ್ಳುವ ಕಾರ್ಮಿಕನಿಗೂ ಕೊಳೆ. ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಜೈವಿಕ ಶೌಚಾಲಯಗಳು 2011ರಿಂದ ಈಚೆಗೆ ಬೋಗಿಗಳ ಅಡಿಯಲ್ಲಿ ಬಂದವು. ಗಾಳಿ ಇಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ತೊಟ್ಟಿಯೊಳಗೆ ಮಲವನ್ನು ಅನಿಲ ಮತ್ತು ನೀರಾಗಿ ಒಡೆಯುತ್ತವೆ; ಕ್ಲೋರಿನ್ ಬೆರೆತ ನೀರು ಮಾತ್ರ ಹೊರಗೆ ಬೀಳುತ್ತದೆ. 2020ರ ಹೊತ್ತಿಗೆ ಬಹುತೇಕ ಎಲ್ಲ ಪ್ರಯಾಣಿಕ ಬೋಗಿಗಳಿಗೂ ಇವನ್ನು ಜೋಡಿಸಲಾಯಿತು. ಈ ಬ್ಯಾಕ್ಟೀರಿಯಾಗಳಿಗೆ ಒಂದೇ ಶತ್ರು: ಪ್ರಯಾಣಿಕರು ತುರುಕುವ ನೀರಿನ ಬಾಟಲಿ, ಗುಟ್ಕಾ ಪೊಟ್ಟಣ. ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ತುಮಕೂರು–ರಾಯದುರ್ಗ ಮಾರ್ಗ, ಶಿರಾ ಮೂಲಕ ತುಮಕೂರು–ದಾವಣಗೆರೆ ಮಾರ್ಗ ಯೋಜನೆಯಲ್ಲಿವೆ. ಆ ಹಳಿಗಳ ಮೇಲೆ ಓಡುವ ರೈಲು ತನ್ನ ತೊಟ್ಟಿಯನ್ನು ತಾನೇ ಹೊತ್ತು ಬರುತ್ತದೆ. ರೈಲು ಕಲಿತ ಪಾಠವನ್ನು ಊರು ಕಲಿತಿದೆಯೇ?

ಊರಿನ ತೊಟ್ಟಿಗಳಲ್ಲಿ ಎರಡು ಬಗೆ. ಸರಿಯಾದ ಸೆಪ್ಟಿಕ್ ಟ್ಯಾಂಕಿಗೆ ಸಿಮೆಂಟಿನ ತಳ, ನೀರು ಸೋರದ ಗೋಡೆ, ಎರಡು ಕೋಣೆ. ಗಟ್ಟಿ ಪದಾರ್ಥ ತಳಕ್ಕಿಳಿದು ಕೊಳೆಯುತ್ತದೆ, ತಿಳಿ ನೀರು ಪಕ್ಕದ ಇಂಗುಗುಂಡಿಗೆ ಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ತಳದ ಹೂಳನ್ನು ಯಂತ್ರದಿಂದ ತೆಗೆಸಬೇಕು. ಎರಡನೆಯ ಬಗೆಯದು ಹೆಸರಿಗೆ ಮಾತ್ರ ಟ್ಯಾಂಕು. ತಳವೇ ಇಲ್ಲದ ಆಳವಾದ ಗುಂಡಿ. ‘ನಮ್ಮ ಟ್ಯಾಂಕು ಇಪ್ಪತ್ತು ವರ್ಷವಾದರೂ ತುಂಬಿಲ್ಲ’ ಎಂದು ಮನೆಯ ಹಿರಿಯರು ಹೆಮ್ಮೆಯಿಂದ ಹೇಳುವುದುಂಟು. ಹೆಮ್ಮೆ ಪಡುವಂಥದ್ದೇನೂ ಅದರಲ್ಲಿಲ್ಲ. ತುಂಬಿಲ್ಲ ಎಂದರೆ ಸೋರಿದೆ ಎಂದರ್ಥ. ಸೋರಿದ್ದು ಎಲ್ಲಿಗೆ?

ಈ ನಾಲ್ಕು ತಾಲ್ಲೂಕುಗಳ ಬದುಕು ನಿಂತಿರುವುದು ಕೊಳವೆ ಬಾವಿಯ ಮೇಲೆ. ಪಾವಗಡ, ಶಿರಾ, ಮಧುಗಿರಿ ಭಾಗದ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಮಕ್ಕಳ ಹಲ್ಲಿನ ಕಲೆಯನ್ನು ನೋಡಿದವರಿಗೆಲ್ಲ ಗೊತ್ತು. ಆ ಫ್ಲೋರೈಡ್ ಬಂದದ್ದು ನೆಲದಡಿಯ ಬಂಡೆಯಿಂದ. ಅದರಲ್ಲಿ ಯಾರ ತಪ್ಪೂ ಇಲ್ಲ. ನೈಟ್ರೇಟಿನ ಕತೆ ಬೇರೆ. ಅದು ಬರುವುದು ಹೊಲದ ಗೊಬ್ಬರದಿಂದ, ಕೊಟ್ಟಿಗೆಯಿಂದ, ಮನೆಯ ಮಲಗುಂಡಿಯಿಂದ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು ಎಂಬುದು ಭಾರತೀಯ ಮಾನಕ. ಹೆಚ್ಚಾದರೆ ಎಳೆಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟುತ್ತದೆ. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ಆದ್ದರಿಂದಲೇ ಮಲಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 10 ಮೀಟರು ಅಂತರವಿರಬೇಕು ಎನ್ನುವುದು. ಬಂಡೆ ಸೀಳಿರುವ ಕಡೆ ಇನ್ನೂ ದೂರವಿರಬೇಕು. ಮಣ್ಣು ಕೊಳೆಯನ್ನು ಸೋಸುತ್ತದೆ. ಬಂಡೆಯ ಬಿರುಕು ಸೋಸುವುದಿಲ್ಲ, ದಾರಿ ಬಿಡುತ್ತದೆ.

ಇನ್ನು, ತುಂಬಿದ ತೊಟ್ಟಿಯನ್ನು ಖಾಲಿ ಮಾಡುವವರು ಯಾರು? ಈ ಪ್ರಶ್ನೆಗೆ ನಮ್ಮ ಸಮಾಜ ಬಹುಕಾಲ ಒಂದು ಜಾತಿಯ ಹೆಸರನ್ನು ಉತ್ತರವಾಗಿ ಕೊಟ್ಟಿತ್ತು. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯ ವಿರುದ್ಧ 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಕಟ್ಟುನಿಟ್ಟಿನ ಕ್ರಮ ಕೈಗೊಂಡರು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಪೌರ ಕಾರ್ಮಿಕರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸುವ ಸ್ಥಿತಿ ಬಂತು. 2013ರ ಕಾಯ್ದೆಯ ಪ್ರಕಾರ ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಇಳಿಸಿದವರು ಪಾಲಿಕೆಯವರೇ ಆಗಬೇಕಿಲ್ಲ. ಕೂಲಿ ಕೊಟ್ಟು ಕರೆದ ಮನೆಯ ಯಜಮಾನನಿಗೂ ಕಾಯ್ದೆ ಅನ್ವಯಿಸುತ್ತದೆ.

ಸಾವು ಹೇಗೆ ಬರುತ್ತದೆಂಬುದನ್ನು ಪ್ರತಿ ವಿದ್ಯಾರ್ಥಿಯೂ ತಿಳಿದಿರಬೇಕು. ಮುಚ್ಚಿದ ತೊಟ್ಟಿಯಲ್ಲಿ ಮಲ ಕೊಳೆಯುವಾಗ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ಹುಟ್ಟುತ್ತವೆ, ಆಮ್ಲಜನಕ ಕಡಿಮೆಯಾಗುತ್ತದೆ. ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆ. ಆದರೆ ಪ್ರಮಾಣ ಹೆಚ್ಚಿದಾಗ ಅದು ಮೂಗನ್ನೇ ಮರಗಟ್ಟಿಸುತ್ತದೆ. ‘ವಾಸನೆ ಹೋಯಿತು, ಇನ್ನು ಇಳಿಯಬಹುದು’ ಎಂದುಕೊಂಡ ಗಳಿಗೆಯೇ ಅತ್ಯಂತ ಅಪಾಯದ್ದು. ಒಳಗೆ ಬಿದ್ದವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅಣ್ಣನನ್ನು ಎತ್ತಲು ನೆರೆಯವನು ಇಳಿಯುತ್ತಾನೆ. ಹೀಗೆ ಒಂದು ಸಾವು ಮೂರಾಗುತ್ತದೆ. ಇಳಿಯಬಾರದು. ಜನರನ್ನು ಕೂಗಬೇಕು, ಅಗ್ನಿಶಾಮಕ ದಳವನ್ನು ಕರೆಯಬೇಕು. ಮುಚ್ಚಳ ತೆರೆದು ಬೆಂಕಿಕಡ್ಡಿ ಗೀರಿ ಒಳಗೆ ಇಣುಕುವುದಂತೂ ಕೂಡದು. ಮೀಥೇನ್ ಹೊತ್ತಿಕೊಳ್ಳುವ ಅನಿಲ.

ಮನುಷ್ಯನನ್ನು ಇಳಿಸದೆ ಕೆಲಸ ಸಾಗುವ ದಾರಿಗಳು ಇಲ್ಲವೇ? ಇವೆ. ಹಳ್ಳಿಗೆ ಜೋಡಿಗುಂಡಿ ಶೌಚಾಲಯ. ಒಂದು ಗುಂಡಿ ತುಂಬಿದರೆ ಕೊಳವೆಯನ್ನು ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿಟ್ಟ ಮೊದಲ ಗುಂಡಿ ಕನಿಷ್ಠ ಒಂದು ವರ್ಷ, ಎರಡಾದರೆ ಇನ್ನೂ ಒಳ್ಳೆಯದು, ಹಾಗೆಯೇ ಇದ್ದರೆ ಒಳಗಿರುವುದು ವಾಸನೆಯಿಲ್ಲದ ಪುಡಿ ಗೊಬ್ಬರವಾಗುತ್ತದೆ. ಈ ಸೀಮೆಯ ರೈತರಿಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ಕುರಿಗಾಹಿಗಳನ್ನು ಕರೆದು, ಕಾಳೋ ಕಾಸೋ ಕೊಟ್ಟು, ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವ ಜಾಣತನ ಅವರದೇ. ಹಿಕ್ಕೆಗೆ ಬೆಲೆ ಕಟ್ಟಲು ಬಲ್ಲವರು ಅವರು.

ಪಟ್ಟಣಕ್ಕೆ ದೇವನಹಳ್ಳಿಯ ಉದಾಹರಣೆ ಇದೆ. ಮನೆಗಳಿಂದ ಲಾರಿ ಹೀರಿ ತಂದ ಮಲದ ಹೂಳನ್ನು ಸಂಸ್ಕರಿಸಲೆಂದೇ ಕಟ್ಟಿದ ಘಟಕ ಅಲ್ಲಿ 2015ರಲ್ಲಿ ಆರಂಭವಾಯಿತು. ದೇಶದಲ್ಲಿ ಇಡೀ ಪಟ್ಟಣಕ್ಕೆಂದು ಕಟ್ಟಿದ ಇಂಥ ಘಟಕಗಳಲ್ಲಿ ಅದೇ ಮೊದಲನೆಯದು. ಹೂಳು ಹಾಸುಗಳಲ್ಲಿ ಒಣಗಿ ಗೊಬ್ಬರಕ್ಕೆ ಹೋಗುತ್ತದೆ, ನೀರು ಜಲ್ಲಿ ಮತ್ತು ಗಿಡಗಳ ಬೇರಿನ ನಡುವೆ ಹಾದು ತಿಳಿಯಾಗುತ್ತದೆ. ದೊಡ್ಡ ಯಂತ್ರವಿಲ್ಲ, ಮಾಯವಿಲ್ಲ. ಲಾರಿಗೆ ಹೋಗಲು ಒಂದು ಜಾಗ ಇದೆ, ಅಷ್ಟೆ. ಅಂಥ ಜಾಗ ಇಲ್ಲದಿದ್ದರೆ ಹೀರಿಕೊಂಡ ಲಾರಿ ಕತ್ತಲಾದ ಮೇಲೆ ಯಾವುದೋ ಹಳ್ಳಕ್ಕೆ ಹಿಂಬದಿಯಾಗಿ ನಿಲ್ಲುತ್ತದೆ. ಆಗ ಅದಕ್ಕೂ ನಮ್ಮ ಮೋಟಾರ್‌ಹೋಮಿನ ಚಾಲಕನಿಗೂ ವ್ಯತ್ಯಾಸವಿಲ್ಲ.

ಆ ಕುಟುಂಬ ಎಲ್ಲಿಯೇ ನಿಂತಿತು? ಮಧುಗಿರಿಯಲ್ಲಿಯೇ. ಅವರಿಗೆ ಉಳಿದಿರುವ ಸರಿಯಾದ ದಾರಿ ಒಂದೇ. ತಳ ಗಟ್ಟಿಯಿರುವ ಸೆಪ್ಟಿಕ್ ಟ್ಯಾಂಕಿನ ವಸತಿಗೃಹವೊಂದನ್ನು ಹುಡುಕಿ, ತೊಟ್ಟಿಗೆ ರಾಸಾಯನಿಕ ಹಾಕಿಲ್ಲವೆಂದು ಹೇಳಿ, ಅನುಮತಿ ಕೇಳಿ, ಶುಲ್ಕ ಕೊಟ್ಟು, ಅಲ್ಲಿನ ಶೌಚಾಲಯದಲ್ಲಿ ಡಬ್ಬಿ ಖಾಲಿ ಮಾಡಿ, ತೊಳೆದು, ಸಾಬೂನಿನಿಂದ ಕೈ ತೊಳೆದುಕೊಂಡು ಮುಂದೆ ಹೋಗುವುದು. ಡಬ್ಬಿಯನ್ನು ಅಪ್ಪನೇ ಎತ್ತಿದರೆ ಮಕ್ಕಳಿಗೆ ಬೆಟ್ಟ ಹತ್ತಿದ್ದಕ್ಕಿಂತ ದೊಡ್ಡ ಪಾಠ.

ಮನೆಯಲ್ಲೇ ಇರುವ ಮಕ್ಕಳು ಈ ಭಾನುವಾರ ದೊಡ್ಡವರನ್ನು ನಾಲ್ಕು ಪ್ರಶ್ನೆ ಕೇಳಬಹುದು. ನಮ್ಮ ತೊಟ್ಟಿ ಎಲ್ಲಿದೆ? ಅದಕ್ಕೆ ತಳ ಇದೆಯೇ? ಬಾವಿಗೆ ಎಷ್ಟು ದೂರ? ಕೊನೆಯ ಸಲ ಖಾಲಿ ಮಾಡಿಸಿದ್ದು ಯಾವಾಗ, ಯಾರಿಂದ, ಎಲ್ಲಿ ಸುರಿದರು? ಉತ್ತರಗಳನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ. ಅಳೆಯಲು ಒಂದು ಟೇಪು ಸಾಕು. ಕೊನೆಯ ಪ್ರಶ್ನೆಗೆ ದೊಡ್ಡವರು ಮುಖ ಮುಖ ನೋಡಿಕೊಂಡರೆ, ಆ ಮನೆಯಲ್ಲೂ ಕೆಂಪು ದೀಪ ಹತ್ತಿತೆಂದೇ ಲೆಕ್ಕ.