ಸಹಿ ಯಾರದು, ನೋವು ಯಾರದು?



ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಮ್ಮ ಸಮಾಜದಲ್ಲಿ ಗರ್ಭಪಾತದ ಮಾತೆತ್ತುವುದೇ ತಪ್ಪೆಂಬ ಭಾವನೆಯಿದೆ. ಗರ್ಭಸ್ಥ ಜೀವಕ್ಕೆ ನೋವಾಗಬಾರದೆಂಬ ಶ್ರದ್ಧೆ ನನ್ನದೂ ಹೌದು. ಆದರೆ ಹದಿನೈದರ ಬಾಲಿಕೆಯೊಬ್ಬಳು ಗರ್ಭಿಣಿಯಾದಾಗ, ಆಕೆಯೂ ಪಂಚೇಂದ್ರಿಯ ಜೀವವೆಂಬುದನ್ನು ಮರೆತುಬಿಡುವುದು ಯಾವ ಅಹಿಂಸೆ?

"ತಂದೆಯ ಸಹಿಯಿಲ್ಲದೆ ಏನೂ ನಡೆಯಬಾರದು" ಎನ್ನುವ ಹಿರಿಯರು ಕಾನೂನನ್ನು ಒಮ್ಮೆ ಓದಲಿ. 18 ವರ್ಷ ತುಂಬದವಳಿಗೆ ಪಾಲಕರ ಲಿಖಿತ ಒಪ್ಪಿಗೆ ಬೇಕೆಂದು 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ವಿಧಿಸುತ್ತದೆ, ನಿಜ. ಆದರೆ ಪಾಲಕರೆಂದರೆ ತಂದೆಯೇ ಎಂದು ಅದು ಹೇಳುವುದಿಲ್ಲ. ಬಾಲಿಕೆಯ ಪಾಲನೆ ಯಾರ ಕೈಯಲ್ಲಿದೆಯೋ ಅವರೇ ಪಾಲಕರು. ಮಸ್ಕಿ, ಲಿಂಗಸುಗೂರುಗಳ ಒಣಭೂಮಿಯ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋದಾಗ ಮೊಮ್ಮಗಳನ್ನು ಸಾಕುವ ಅಜ್ಜಿಯೂ ಈ ಅರ್ಥದಲ್ಲಿ ಪಾಲಕಳೇ. ಇದನ್ನರಿಯದೆ ತಂದೆಯ ಬರವಿಗಾಗಿ ವಾರಗಳನ್ನು ಕಳೆದರೆ ದಂಡ ತೆರುವವಳು ಆ ಬಾಲಿಕೆಯೇ.

ಏಕೆಂದರೆ ಇಲ್ಲಿ ಕಾಲವೇ ನಿರ್ಣಾಯಕ. 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 2021ರ ತಿದ್ದುಪಡಿಯಂತೆ ಅಪ್ರಾಪ್ತೆಯರಿಗೆ 24 ವಾರಗಳವರೆಗೆ, ಇಬ್ಬರು ವೈದ್ಯರ ಅಭಿಪ್ರಾಯದೊಡನೆ ಅವಕಾಶವಿದೆ. ಅದು ಮೀರಿದರೆ ಸಾಮಾನ್ಯವಾಗಿ ನ್ಯಾಯಾಲಯದ ಬಾಗಿಲು ತಟ್ಟಬೇಕು. 2024ರ ಏಪ್ರಿಲ್ 22ರಂದು ಸರ್ವೋಚ್ಚ ನ್ಯಾಯಾಲಯವು 14ರ ಬಾಲಿಕೆಯೊಬ್ಬಳಿಗೆ ಅನುಮತಿ ನೀಡಿದಾಗ ಗರ್ಭಕ್ಕೆ ಸುಮಾರು 30 ವಾರಗಳಾಗಿದ್ದವು. ತಂದೆತಾಯಿಯರು ಮಗಳ ಜೀವಕ್ಕೆ ಹೆದರಿ ಮನಸ್ಸು ಬದಲಿಸಿದರು. 29ರಂದು ಆದೇಶ ಹಿಂತೆಗೆಯಲ್ಪಟ್ಟಿತು. ಅಪ್ರಾಪ್ತೆಯ ಅಭಿಪ್ರಾಯ ಪಾಲಕರದಕ್ಕಿಂತ ಭಿನ್ನವಾದರೆ ಅದನ್ನು ಮುಖ್ಯವೆಂದು ಪರಿಗಣಿಸಬೇಕೆಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ನ್ಯಾಯಾಲಯ ಕೇಳಿದ ಆ ಮಾತನ್ನು ಮನೆಯವರು ಕೇಳಬಾರದೆ?

ಇನ್ನು ಮಾನದ ಭಯ. 2012ರ ಪೋಕ್ಸೊ ಕಾಯ್ದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕಂಜಿ ಕುಟುಂಬಗಳು ಆಸ್ಪತ್ರೆ ಬಿಟ್ಟು ನಾಡಮದ್ದಿನವರ ಮನೆ ಸೇರುತ್ತವೆ. ಬಾಲಿಕೆಯೂ ಪಾಲಕರೂ ಕೋರಿದರೆ ವೈದ್ಯರು ಆಕೆಯ ಹೆಸರು, ಗುರುತು ತಿಳಿಸಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್ 29ರಂದೇ ಹೇಳಿದೆ. ಸಿಂಧನೂರಿನ ಎಷ್ಟು ಮನೆಗಳಿಗೆ ಇದು ತಲುಪಿದೆ?

"ಮದುವೆ ಮಾಡಿ ಮುಗಿಸಿಬಿಡೋಣ" ಎಂಬ ಪಂಚಾಯ್ತಿಕೆಯಂತೂ ಘೋರ. 2016ರ ತಿದ್ದುಪಡಿ ಜಾರಿಯಾದಂದಿನಿಂದ ಕರ್ನಾಟಕದಲ್ಲಿ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಕೆಡಿಸಿದವನ ಕೈಗೇ ಕೂಸನ್ನು ಒಪ್ಪಿಸುವುದು ಮಾನರಕ್ಷಣೆಯೆ?

ತಂದೆತಾಯಿಯರನ್ನು ದೂರವಿಡಿರೆಂದು ನಾನು ಹೇಳುತ್ತಿಲ್ಲ. ತಾಯಿಯ ಮಡಿಲಿಗಿಂತ ಮಿಗಿಲಾದ ಆಸರೆ ಯಾವುದು? ಆದರೆ ಒಪ್ಪಿಗೆಯೆಂಬುದು ಪಾಲನೆಯ ಹೊಣೆ, ಒಡೆತನದ ಹಕ್ಕಲ್ಲ. ತಪ್ಪಿತಸ್ಥ ಮನೆಯೊಳಗೇ ಇದ್ದರೆ ಆ ಸಹಿಗೆ ಯಾವ ಬೆಲೆ? ಅಂಥಲ್ಲಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಿದೆ, 1098 ಸಹಾಯವಾಣಿಯಿದೆ.

ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬುದು ನಮ್ಮ ಆಚಾರ್ಯರ ಉಪದೇಶ. ಕೃತ, ಕಾರಿತ, ಅನುಮೋದನೆ ಮೂರರಲ್ಲಿಯೂ ಪಾಪವುಂಟು. ನಮ್ಮ ಮೌನದಿಂದ ಬಾಲಿಕೆಯೊಬ್ಬಳು ಬಾವಿ ಹಾರಿದರೆ ಕೈಯಲ್ಲಿ ರಕ್ತವಿಲ್ಲವೆಂದು ನಾವು ಜಾರಿಕೊಳ್ಳಲಾಗದು.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂತು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಲಭ್ಯವೆಂಬುದು ಅದರ ಆಶಯ. ಕೇಳುವವರಿಲ್ಲದ ಗರ್ಭಿಣಿ ಬಾಲಿಕೆಗಿಂತ ಸಣ್ಣವರು ಯಾರು? ಪ್ರತಿ ಬಸದಿ, ಮಂದಿರಗಳ ಟ್ರಸ್ಟು ವರ್ಷಕ್ಕೊಮ್ಮೆ ವೈದ್ಯೆಯೊಬ್ಬರನ್ನೂ ವಕೀಲರೊಬ್ಬರನ್ನೂ ಕರೆಸಿ ತಾಯಂದಿರಿಗೆ ಈ ಕಾನೂನನ್ನು ತಿಳಿಸಲಿ; ಬಡಬಾಲಿಕೆಯ ಚಿಕಿತ್ಸೆಗೆ, ಗುಟ್ಟು ಕಾಯ್ದು, ನಿಧಿಯಿಂದ ನೆರವಾಗಲಿ. ಕಲಶಾರೋಹಣಕ್ಕೆ ಕೂಡುವ ಹಣ ಇದಕ್ಕೂ ಕೂಡಲಿ. ಅಭಯದಾನಕ್ಕಿಂತ ಹಿರಿದಾದ ದಾನವುಂಟೆ?