ಸಿಂಗಳೀಕದ ಬೆಟ್ಟಕ್ಕೆ ಇ-ಪಾಸ್

ಹಿಮ ಕರಗುವ ಮುನ್ನ ನೋಡಿಬಿಡಬೇಕೆಂಬ ಆತುರದಿಂದ ಧ್ರುವಪ್ರದೇಶಗಳಿಗೆ ಹೋಗುವವರು ಹೆಚ್ಚುತ್ತಿದ್ದಾರೆ. 2022-23ರ ಒಂದೇ ಋತುವಿನಲ್ಲಿ ಅಂಟಾರ್ಕ್ಟಿಕಕ್ಕೆ ಲಕ್ಷಕ್ಕೂ ಮಿಕ್ಕಿದ ಪ್ರವಾಸಿಗರು ಹೋದರು. ಅವರನ್ನೊಯ್ದ ಹಡಗು, ವಿಮಾನಗಳ ಹೊಗೆಯೂ ಆ ಹಿಮಕ್ಕೇ ಮುಳುವು. ಸಿರಿವಂತರ ಖಯಾಲಿಯೆಂದು ನಾವು ನಗುವಂತಿಲ್ಲ. ರಜಾದಿನಗಳಲ್ಲಿ ಕೊಯಮತ್ತೂರು ಜಿಲ್ಲೆಯ ವಾಲ್ಪಾರೈಯನ್ನು ನೋಡಬೇಕು.

ಆಳಿಯಾರಿನಿಂದ 40 ತಿರುವುಗಳನ್ನೇರಿ ತಲುಪುವ ಈ ಬೆಟ್ಟವನ್ನು ನೂರು ವರ್ಷಗಳ ಹಿಂದೆಯೇ ಚಹಾಕ್ಕಾಗಿ ಬೋಳಿಸಲಾಯಿತು. ತೋಟಗಳ ನಡುವೆ ತುಂಡುತುಂಡಾಗಿ ಉಳಿದ ಕಾಡಿನಲ್ಲಿ ಸಿಂಗಳೀಕಗಳಿವೆ. (ಇಷ್ಟು ಚೆಂದದ ಹೆಸರಿರುವಾಗ ನಮ್ಮ ಪತ್ರಿಕೆಗಳು ‘ಸಿಂಹಬಾಲದ ಕೋತಿ’ ಎಂದು ಬರೆಯುವುದೇಕೋ!) ಮರದಿಂದ ಮರಕ್ಕೆ ಸಾಗುವ ಈ ಪ್ರಾಣಿ ಪುದುತೋಟ್ಟಂ ಬಳಿ ರಸ್ತೆಗಿಳಿಯುತ್ತದೆ, ಪ್ರವಾಸಿಗರ ತಿಂಡಿಗೆ ಕೈಚಾಚುತ್ತದೆ, ವಾಹನದಡಿ ಸಾಯುವುದೂ ಉಂಟು. ಅದಕ್ಕೆಂದೇ ಅಲ್ಲಿ ಮರಗಳ ನಡುವೆ ತೂಗುಸೇತುವೆಗಳನ್ನು ಕಟ್ಟಿದ್ದಾರೆ.

ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2025ರ ನವೆಂಬರ್ 1ರಿಂದ ವಾಲ್ಪಾರೈಗೂ ಇ-ಪಾಸ್ ಬಂದಿದೆ. ತೋಟದ ಕೂಲಿ ಸಾಲದೆ ಅನೇಕರು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಇಳಿದುಹೋದ ಊರಿದು. ಉಳಿದವರಲ್ಲಿ ಹಲವರಿಗೆ ಪ್ರವಾಸಿಗನೇ ಅನ್ನದಾತ. ಅವರ ಆತಂಕ ಸುಳ್ಳಲ್ಲ. ಆದರೂ ಮಿತಿ ಬೇಕೇ ಬೇಕು. ನನ್ನ ತಕರಾರು ಅದು ಸಾಲದೆಂಬುದು. ಪಾಸು ವಾಹನಗಳನ್ನು ಎಣಿಸುತ್ತದೆಯೇ ಹೊರತು ಕಿಟಕಿಯಿಂದ ಚಾಚುವ ಬಾಳೆಹಣ್ಣನ್ನಲ್ಲ. ಅಂಟಾರ್ಕ್ಟಿಕದಲ್ಲಿ ಒಂದೆಡೆ ಏಕಕಾಲಕ್ಕೆ ನೂರಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ, ಪ್ರಾಣಿಪಕ್ಷಿಗಳಿಗೆ ಏನನ್ನೂ ತಿನ್ನಿಸುವಂತಿಲ್ಲ. ಪುದುತೋಟ್ಟಂ ರಸ್ತೆಯಲ್ಲಿಯೂ ಪ್ರವಾಸಿಗರ ವಾಹನಗಳು ನಿಲ್ಲದಂತೆ ಮಾಡಬೇಕು. ಸಿಂಗಳೀಕವನ್ನು ನೋಡಲೇಬೇಕೆನ್ನುವವರು ದೂರದಿಂದ, ತಲೆಯೆತ್ತಿ ನೋಡಲಿ.