ಅಂಗಡಿ ಲೆಕ್ಕದಲ್ಲಿ ಬಡವರ ಪಾಲು

ರಂಜಾನ್ ತಿಂಗಳಲ್ಲಿ ಮುಸ್ಲಿಂ ಜವಳಿ ಅಂಗಡಿಯವರು ಥಾನು ಎಣಿಸುತ್ತ ಕೂತಿದ್ದರೆ, ಅದು ಜಕಾತಿನ ಲೆಕ್ಕ, ಸೋದರಿ. (ಹಿಂದೆ ನಾಕಾದಲ್ಲಿ ವಸೂಲಾಗುತ್ತಿದ್ದ ಜಕಾತಿಯಲ್ಲ; ಆ ಹೆಸರು ಬಂದದ್ದು ಮಾತ್ರ ಇದರಿಂದಲೇ!) ಮಾರಾಟದ ಮಾಲು, ನಗದು, ಬರಬೇಕಾದ ಬಾಕಿ ಕೂಡಿಸಿ, ಸಾಮಾನ್ಯವಾಗಿ ತೀರಿಸಬೇಕಾದ ಸಾಲ ಕಳೆದು, ಉಳಿದದ್ದಕ್ಕೆ ವರ್ಷಕ್ಕೊಮ್ಮೆ ನೂರಕ್ಕೆ 2.5. ಕಟ್ಟಡ, ಬೀರು, ತಕ್ಕಡಿ ಲೆಕ್ಕಕ್ಕಿಲ್ಲ. ಲಾಭಕ್ಕಷ್ಟೇ ಅಲ್ಲ, ಮಾಲಿಗೂ ಉಂಟು ನೋಡಿ, ಅಲ್ಲೇ ಕಷ್ಟ. ವ್ಯಾಪಾರ ಕುಸಿದ ವರ್ಷ ಕಪಾಟು ತುಂಬಿರುತ್ತೆ, ಗಲ್ಲಾ ಖಾಲಿ. ಆದರೂ ಆಸ್ತಿ ನಿಗದಿತ ಮಿತಿ ದಾಟಿದ್ದರೆ ಕೊಡಲೇಬೇಕು. ಅದು ಬಡವರ ಹಕ್ಕು, ದಯೆಯಲ್ಲ ಅಂತಾರೆ.

ಒಡವೆಗೆ? ಹನಫಿ ಪಂಥದಲ್ಲಿ ತೊಡುವ ಚಿನ್ನಕ್ಕೂ ಉಂಟು. ಭಟ್ಕಳದ ನವಾಯತರು ಅನುಸರಿಸುವ ಶಾಫಿ ಪಂಥದಲ್ಲಿ ಸಾಮಾನ್ಯವಾಗಿ ಇಲ್ಲ. ಚಿನ್ನ ಹೆಂಡತಿಯದಾದರೆ ಹೊಣೆಯೂ ಅವಳದೇ. ಅವಳ ಪರವಾಗಿ ಗಂಡ ಕೊಡಬಹುದು, ಆದರೆ ಅವಳನ್ನು ಕೇಳಿ ಕೊಡಲಿ!

ಹೆತ್ತವರಿಗೆ, ಮಕ್ಕಳಿಗೆ ಜಕಾತ್ ಸಲ್ಲದು. ಬಡತನದಲ್ಲಿರುವ ತಂಗಿಗೆ ಸಲ್ಲುತ್ತೆ. ಇದು ಜಕಾತ್ ಅಂತ ಅವಳಿಗೆ ಹೇಳಲೇಬೇಕಿಲ್ಲ, ಕೊಡುವವರ ಮನಸ್ಸಿನಲ್ಲಿ ಸಂಕಲ್ಪವಿದ್ದರೆ ಸಾಕು. ಹಾಗಾಗಿ ಹಬ್ಬದ ಸೀರೆಯ ಮಡಿಕೆಯಲ್ಲಿ ನೋಟಿಟ್ಟು, ಮಕ್ಕಳಿಗೆ ಈದಿ ಅಂತ ಹೇಳಿ ಕೊಟ್ಟು ಬರೋರೂ ಇದ್ದಾರೆ.